ಕೆಲಸ ಮಾಡೋರ ಟೇಬಲ್ಲಿಗೇ ಕೆಲಸ

ಬ್ಯಾಂಕಿಗೆ ಹೊಸಬರೊಬ್ಬರು ಟ್ರಾನ್ಸ್‌ಫರ್ ಆಗಿ ಬರುತ್ತಿದ್ದಾರೆ ಅಂತ ಗೊತ್ತಾದ ತಕ್ಷಣ ಅವರ ಹಳೇ ಬ್ರಾಂಚಿಗೆ ಒಂದು ಫೋನ್ ಹೋಗುತ್ತದೆ. "ಹೆಂಗಿದಾರೆ? ಕೆಲಸ ಮಾಡ್ತಾರಾ?" ಕೇಳುವುದು ಇಷ್ಟೇ. ಉತ್ತರವೂ ಚಿಕ್ಕದು. "ತುಂಬಾ ಸಿನ್ಸಿಯರ್ ರೀ, ಏನು ಕೊಟ್ಟರೂ ಮಾಡ್ತಾರೆ" ಅಂತಲೋ, "ಹೂಂ, ಇದಾರೆ. ಟೈಮಿಗೆ ಬರ್ತಾರೆ, ಟೈಮಿಗೆ ಹೋಗ್ತಾರೆ" ಅಂತಲೋ ಬರುತ್ತದೆ. ಮೊದಲನೇ ಥರದವರಿಗೆ ಬೆಳೆಸಾಲದ ರಿನ್ಯೂವಲ್, ಆಡಿಟ್ ರಿಪೋರ್ಟಿನ ಉತ್ತರ, ಎನ್‌ಪಿಎ ಅಂದರೆ ಕಟ್ಟದೆ ಉಳಿದ ಸಾಲದ ವಸೂಲಿ ಎಲ್ಲವೂ ಅವರು ಬಂದು ಕೂರುವ ಮೊದಲೇ ಕಾದಿರುತ್ತವೆ. ಎರಡನೆಯವರಿಗೆ ಪಾಸ್‌ಬುಕ್ ಎಂಟ್ರಿ.

ನಾನು ಕ್ಲರ್ಕ್ ಆಗಿ ಸೇರಿದವಳು. ಆಮೇಲೆ ಪ್ರಮೋಷನ್ ತಗೊಂಡು ಆಫೀಸರ್ ಆದೆ, ಈಗ ಒಂದು ಸಣ್ಣ ಬ್ರಾಂಚಿನ ಮ್ಯಾನೇಜರ್. ಈ ದಾರಿಯಲ್ಲಿ ಕೆಲಸದಿಂದ ಬಸವಳಿದು, ಒಳಗಿಂದ ಖಾಲಿಯಾದ ಹಲವರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತು ಯಾವಾಗಲೂ ಒಂದೇ: "ಅವರ ಸ್ವಭಾವವೇ ಹಾಗೆ, ಎಲ್ಲಾನೂ ತಲೆಗೆ ಹಚ್ಕೋತಾರೆ." ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ಅಷ್ಟು ಹೇಳಿ ಎಲ್ಲರೂ ಎದ್ದು ಹೋಗುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಉಳಿದ ನಿಜ ಇರುವುದು ಆ ಸ್ವಭಾವದವರ ಟೇಬಲ್ಲಿನ ಮೇಲೆ ಯಾರು ಏನೇನು ತಂದು ಇಟ್ಟರು ಅನ್ನುವುದರಲ್ಲಿ.

ಕೆಲಸದಿಂದ ಹೀಗೆ ಒಳಗಿಂದ ಖಾಲಿಯಾಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಸುಸ್ತು ಬೇರೆ, ಬರ್ನ್‌ಔಟ್ ಬೇರೆ. ಸುಸ್ತಾಗಿದ್ದರೆ ಒಂದು ಭಾನುವಾರ ಚೆನ್ನಾಗಿ ಮಲಗಿ ಎದ್ದರೆ ಸರಿಹೋಗುತ್ತದೆ. ಬರ್ನ್‌ಔಟ್ ಹಾಗಲ್ಲ. 1974ರಲ್ಲಿ ಈ ಬಗ್ಗೆ ಮೊದಲು ವಿವರವಾಗಿ ಬರೆದವರಲ್ಲಿ ಒಬ್ಬರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ. ನ್ಯೂಯಾರ್ಕ್‌ನಲ್ಲಿ ಬಡವರಿಗಾಗಿ ನಡೆಯುತ್ತಿದ್ದ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಅವರು ಕೆಲಸ ಮಾಡುತ್ತಿದ್ದರು. ಹಗಲೆಲ್ಲ ತಮ್ಮ ಸ್ವಂತ ಪ್ರಾಕ್ಟೀಸ್, ಸಂಜೆ ಮೇಲೆ ಈ ಕ್ಲಿನಿಕ್. ಅಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದ ಸ್ವಯಂಸೇವಕರು ಕಾಲ ಕಳೆದಂತೆ ಸಿಡುಕರಾಗಿ, ಮೊಂಡರಾಗಿ, ಕೊನೆಗೆ ಯಾವುದರಲ್ಲೂ ಆಸಕ್ತಿ ಇಲ್ಲದವರಾಗಿ ಬದಲಾಗುವುದನ್ನು ಅವರು ಕಂಡರು. ಯಾರಿಗೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ: ಕೆಲಸಕ್ಕೆ ತಮ್ಮನ್ನು ಪೂರ್ತಿ ಕೊಟ್ಟುಕೊಂಡವರಿಗೆ. ಸೋಮಾರಿಗಳ ಹೆಸರೇ ಅಲ್ಲಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ತಯಾರಿಸಿದರು. ಸೂಸನ್ ಜಾಕ್ಸನ್ ಅವರ ಜೊತೆ ಸೇರಿ 1981ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ಮೂರು ಲಕ್ಷಣಗಳನ್ನು ನೋಡುತ್ತಾರೆ. ಬೆಳಗ್ಗೆ ಎದ್ದಾಗಲೇ ಮೈಮನಸ್ಸಿನಲ್ಲಿ ಏನೂ ಉಳಿದಿಲ್ಲ ಅನ್ನಿಸುವುದು ಒಂದು. ಎದುರಿಗೆ ನಿಂತವರು ಮನುಷ್ಯರಾಗಿ ಕಾಣದೆ ಹೋಗುವುದು ಇನ್ನೊಂದು. ತಾನು ಏನು ಮಾಡಿದರೂ ಅಷ್ಟೇ ಅನ್ನಿಸುವುದು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಗೆ ಬರ್ನ್‌ಔಟನ್ನು ಸೇರಿಸುವಾಗ ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ತುಂಬಾ ದಿನ ಇದ್ದು, ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದ ಫಲ ಅಂತಲೇ ವಿವರಿಸಿತು.

ಆ ಮೂರರಲ್ಲಿ ಎರಡನೆಯದನ್ನು ಕಂಡರೆ ನನಗೆ ತುಂಬಾ ಭಯ. ಕಾರಣ ಮುಂದೆ ಹೇಳುತ್ತೇನೆ.

2016ರ ನವೆಂಬರ್‌ನಲ್ಲಿ ನಾನು ತಿಪಟೂರು ಸೀಮೆಯ ಒಂದು ಬ್ರಾಂಚಿನಲ್ಲಿ ಆಫೀಸರ್ ಆಗಿದ್ದೆ. ತೆಂಗು, ಕೊಬ್ಬರಿಯ ಊರು. ವ್ಯವಹಾರ ಹೆಚ್ಚೂಕಡಿಮೆ ಎಲ್ಲ ನಗದಿನಲ್ಲೇ. 8ನೇ ತಾರೀಕು ರಾತ್ರಿ 500, 1000ದ ನೋಟು ಇನ್ನು ನಡೆಯುವುದಿಲ್ಲ ಎಂದು ಘೋಷಣೆಯಾಯಿತು. 9ರಂದು ಬ್ಯಾಂಕುಗಳು ಗ್ರಾಹಕರಿಗೆ ತೆರೆಯಲಿಲ್ಲ. 10ರಂದು ಬಾಗಿಲು ತೆರೆಯುವ ಹೊತ್ತಿಗೆ ಕ್ಯೂ ಬಸ್ ಸ್ಟ್ಯಾಂಡ್ ದಾಟಿತ್ತು. ಆ ಶನಿವಾರ, ಭಾನುವಾರವೂ ಕೆಲಸ. ಬದಲಿಸಿಕೊಳ್ಳುವ ಮಿತಿ ಮೊದಲು 4,000 ರೂಪಾಯಿ, ಆಮೇಲೆ 4,500, ಮತ್ತೆ 2,000. ಬೆರಳಿಗೆ ಶಾಯಿ ಹಚ್ಚಿ ಅಂದರು. ನವೆಂಬರ್ ಅಂದರೆ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡುವ ತಿಂಗಳು ಬೇರೆ. ಆ ಅಜ್ಜ ಅಜ್ಜಿಯರೂ ಅದೇ ಕ್ಯೂನಲ್ಲಿ.

ನಮ್ಮಲ್ಲಿ ಎರಡು ಕ್ಯಾಶ್ ಕೌಂಟರ್. ಒಂದರಲ್ಲಿ ಮೂವತ್ತರ ಆಸುಪಾಸಿನ ಒಬ್ಬರು ಹೆಣ್ಣುಮಗಳು. ಇನ್ನೊಂದರಲ್ಲಿ ರಿಟೈರ್‌ಮೆಂಟಿಗೆ ಹತ್ತಿರ ಬಂದಿದ್ದ ಒಬ್ಬರು ಹಿರಿಯರು. ಅದೇ ಜನ, ಅದೇ ನೋಟು, ಅದೇ ಗದ್ದಲ.

ಆ ಹುಡುಗಿ ಪ್ರತಿ ಬಂಡಲನ್ನೂ ಮಿಷನ್ನಿಗೆ ಹಾಕಿ, ಆಮೇಲೆ ಸ್ಪಂಜಿಗೆ ಬೆರಳು ಒತ್ತಿ ಕೈಯಲ್ಲಿ ಎಣಿಸಿ, ಮತ್ತೆ ಮಿಷನ್ನಿಗೆ ಹಾಕುತ್ತಿದ್ದರು. ಸ್ಲಿಪ್ಪಿನಲ್ಲಿ ಯಾವ ನೋಟು ಎಷ್ಟು ಎಂದು ಬರೆದು ಪ್ರತಿ ಸಾಲಿಗೂ ಟಿಕ್ ಹಾಕುತ್ತಿದ್ದರು. ಗ್ರಾಹಕರು ಬಾಗಿಲವರೆಗೆ ಹೋದ ಮೇಲೂ "ಅಣ್ಣಾ, ಒಂದ್ನಿಮಿಷ ಬನ್ನಿ" ಅಂತ ಕರೆಯುತ್ತಿದ್ದರು. ಹಣ ಕಡಿಮೆ ಬಂದರೆ ಕ್ಯಾಶಿಯರ್ ತನ್ನ ಕೈಯಿಂದ ತುಂಬಿಕೊಡಬೇಕು, ಅದು ನಿಯಮ. ಹಾಗಾಗಿ ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಸಂಜೆ ಕ್ಯಾಶ್ ಟ್ಯಾಲಿ ಆಗಿ, ಸ್ಟ್ರಾಂಗ್ ರೂಮಿಗೆ ಹೋಗಿ, ಎರಡು ಬೀಗದ ಕೈ ಇಬ್ಬರ ಹತ್ತಿರ ಸೇರಿ, ಎಲ್ಲರೂ ಮನೆ ಮುಟ್ಟಿದ ಮೇಲೂ ಅವರಿಗೆ ದಿನ ಮುಗಿಯುತ್ತಿರಲಿಲ್ಲ. ರಾತ್ರಿ ಫೋನ್ ಬರುತ್ತಿತ್ತು. "ಮೇಡಂ, ಆ ಮಂಡಿಯವರ ಡೆಪಾಸಿಟ್‌ನಲ್ಲಿ ನೂರರ ಕಾಲಂ ಸರಿಯಾಗಿ ಹಾಕಿದ್ನಾ?" ಟ್ಯಾಲಿ ಆಗಿದೆಯಲ್ಲಮ್ಮಾ ಅಂದರೆ, "ಹೌದು ಮೇಡಂ, ಗೊತ್ತು" ಅನ್ನುತ್ತಿದ್ದರು. ಗೊತ್ತಿದ್ದರೂ ನಿದ್ದೆ ಬರುತ್ತಿರಲಿಲ್ಲ.

ಪಕ್ಕದ ಕೌಂಟರಿನ ಹಿರಿಯರಿಗೆ ಒಂದು ದಿನ ನಿಜವಾಗಿಯೂ ಶಾರ್ಟೇಜ್ ಬಂತು. ಅವರು ಎರಡು ಸಲ ಹುಡುಕಿದರು, ಸಿಗಲಿಲ್ಲ. ಜೇಬಿನಿಂದ ತೆಗೆದು ಕಟ್ಟಿದರು. "ಹೋಯ್ತು ಬಿಡಿ, ಯಾರೋ ಕಷ್ಟದಲ್ಲಿದ್ದೋರಿಗೆ ಸೇರಿರುತ್ತೆ" ಅಂದು ಟೀ ಕುಡಿಯಲು ಹೋದರು. ಮರುದಿನ ಅದರ ಮಾತೇ ಇಲ್ಲ. ಕ್ಯೂನಲ್ಲಿದ್ದವರನ್ನು "ಏನ್ ಗೌಡ್ರೇ, ಈ ಸಲ ಕೊಬ್ಬರಿ ರೇಟು ಹೆಂಗೆ?" ಅಂತ ಮಾತಾಡಿಸುತ್ತಲೇ ನೋಟು ಎಣಿಸುತ್ತಿದ್ದರು. ಆ ಮಾತುಕತೆಯೇ ಅವರಿಗೆ ಶಕ್ತಿ ಕೊಡುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಹಳೇ ನೋಟು ಕಟ್ಟಲು ಕೊನೆಯ ದಿನವಾದ ಡಿಸೆಂಬರ್ 30 ಬರುವ ಹೊತ್ತಿಗೆ ಆ ಹುಡುಗಿ ತೂಕ ಇಳಿದು, ಊಟ ಸೇರದೆ ಸೊರಗಿಹೋಗಿದ್ದರು. ಹಿರಿಯರು ಮೊದಲಿನಂತೆಯೇ ಇದ್ದರು.

ಹಾಗಾಗಿ ಸ್ವಭಾವಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳಲಾರೆ. ಸಂಶೋಧಕರೂ ಅದನ್ನೇ ಹೇಳುತ್ತಾರೆ. ಮನಶ್ಶಾಸ್ತ್ರದಲ್ಲಿ ಮನುಷ್ಯರ ಸ್ವಭಾವವನ್ನು ಐದು ದಿಕ್ಕಿನಿಂದ ನೋಡುವ ಪದ್ಧತಿ ಇದೆ: ಬೇಗ ಆತಂಕಪಡುವ ಗುಣ, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಹೊಸದಕ್ಕೆ ಮನಸ್ಸು ಒಡ್ಡುವ ಗುಣ. 2009ರಲ್ಲಿ ಅಮೆರಿಕದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಆತಂಕದ ಸ್ವಭಾವದವರಲ್ಲಿ ಬರ್ನ್‌ಔಟ್ ಜಾಸ್ತಿ. ಜನರೊಡನೆ ಬೆರೆಯುವವರಲ್ಲಿ, ಅಚ್ಚುಕಟ್ಟಾಗಿ ಕೆಲಸ ಮಾಡುವವರಲ್ಲಿ ಕಡಿಮೆ. ನಮ್ಮ ಎರಡು ಕೌಂಟರುಗಳಿಗೆ ಇದು ಸರಿಯಾಗಿ ಹೊಂದುತ್ತದೆ, ಅಲ್ವಾ?

ಆದರೆ ಅಚ್ಚುಕಟ್ಟಾಗಿರುವವರು ಸುರಕ್ಷಿತ ಅನ್ನುವ ಮಾತು ಮಾತ್ರ ನನ್ನನ್ನು ಬಹಳ ಕಾಡಿತು. ಏಕೆಂದರೆ ಆ ಬ್ರಾಂಚಿನಲ್ಲಿ ಕೊನೆಗೆ ನಿಜವಾಗಿ ಮುರಿದುಬಿದ್ದದ್ದು ಆ ಆತಂಕದ ಹುಡುಗಿಯಲ್ಲ. ನಮ್ಮ ಲೋನ್ ಆಫೀಸರ್.

ಅವರು ಟೆನ್ಷನ್ ಮಾಡಿಕೊಳ್ಳುವ ಜಾತಿಯೇ ಅಲ್ಲ. ನೋಟಿನ ಗಲಾಟೆಯಲ್ಲಿ ನಮ್ಮ ಬ್ರಾಂಚನ್ನು ಹಿಡಿದು ನಿಲ್ಲಿಸಿದ್ದೇ ಅವರು. ಡೆಪಾಸಿಟ್‌ಗೆ ಒಂದು ಸಾಲು, ಬದಲಾವಣೆಗೆ ಇನ್ನೊಂದು ಸಾಲು ಮಾಡಿದರು. ಪಿಂಚಣಿಯವರಿಗೆ ನೆರಳಲ್ಲಿ ಬೆಂಚು ಹಾಕಿಸಿದರು. ಫಾರಂ ತುಂಬಿಕೊಡಲು ಊರಿನ ಕಾಲೇಜು ಹುಡುಗರನ್ನು ಕರೆತಂದು ಕೂರಿಸಿದರು. ಅವರ ಫೈಲುಗಳನ್ನು ಕಣ್ಣುಮುಚ್ಚಿ ತೆಗೆಯಬಹುದಿತ್ತು, ಪ್ರತಿಯೊಂದರ ಬೆನ್ನಿಗೂ ಊರು, ಸರ್ವೆ ನಂಬರ್ ಅವರ ದುಂಡು ಅಕ್ಷರದಲ್ಲಿ. ರೀಜನಲ್ ಆಫೀಸಿನಿಂದ ಮೆಚ್ಚುಗೆ ಪತ್ರ ಬಂತು. ಅದರ ಹಿಂದೆಯೇ ಕೆಲಸವೂ ಬಂತು. ಮುದ್ರಾ ಸಾಲದ ಟಾರ್ಗೆಟ್ ಅವರಿಗೆ. ಪಕ್ಕದ ಬ್ರಾಂಚಿನ ಆಫೀಸರ್ ರಜೆ ಹಾಕಿದರೆ ಡೆಪ್ಯುಟೇಷನ್ ಅವರಿಗೆ. ಇನ್ಶೂರೆನ್ಸ್ ಪಾಲಿಸಿ ಮಾಡಿಸುವುದೂ ಅವರಿಗೆ, ಏಕೆಂದರೆ "ಅವರು ಹೇಳಿದ್ರೆ ಜನ ಕೇಳ್ತಾರೆ." 2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಮಾಡಿತಲ್ಲ, ಅದರ ಡೇಟಾ ಪೂರ್ತಿ ಅವರ ತಲೆಗೆ. ಒಬ್ಬೊಬ್ಬ ರೈತರದ್ದೂ ಆಧಾರ್, ರೇಷನ್ ಕಾರ್ಡ್, ಸರ್ವೆ ನಂಬರ್ ಹೊಂದಿಸಿ ಸಿಸ್ಟಮ್ಮಿಗೆ ಹಾಕಬೇಕು. ಒಂದು ಅಕ್ಷರ ತಪ್ಪಿದರೂ ಹೊಂದುವುದಿಲ್ಲ. ಹೊರಗಡೆ ದಿನಾ ರೈತರು. "ಸಾ, ನಂದು ಬಂತಾ?"

ಅಂಕಿಅಂಶದ ಪ್ರಕಾರ ಅಚ್ಚುಕಟ್ಟಿನ ಮನುಷ್ಯ ಏಕೆ ಕಡಿಮೆ ಬಳಲುತ್ತಾರೆ ಅಂತ ನಾನು ನನ್ನಷ್ಟಕ್ಕೆ ಯೋಚಿಸಿದ್ದು ಹೀಗೆ. ಅವರ ಕೆಲಸ ಹೊತ್ತಿಗೆ ಮುಗಿಯುತ್ತದೆ, ಫೈಲು ಹುಡುಕಿಕೊಂಡು ಅಲೆಯಬೇಕಿಲ್ಲ, ಬೈಗುಳ ಕಡಿಮೆ. ಅದು ಸರಿ. ಆದರೆ ಕೆಲಸ ಮುಗಿದ ಟೇಬಲ್ ಖಾಲಿ ಕಂಡ ತಕ್ಷಣ ಬೇರೆಯವರ ಕೆಲಸ ಅಲ್ಲಿಗೆ ಬಂದು ಕೂರುತ್ತದೆ, ಇಳಿಜಾರು ಕಂಡಲ್ಲಿಗೆ ನೀರು ಹರಿಯುವ ಹಾಗೆ. ಅವರ ಗುಣ ಅವರನ್ನು ಕಾಯುವುದು ಹಂಚಿಕೆ ಸರಿ ಇದ್ದಾಗ ಮಾತ್ರ.

ಇನ್ನೊಂದು ಸೂಕ್ಷ್ಮ ಇದೆ. ಕೆಲಸ ಚೆನ್ನಾಗಿ ಆಗಬೇಕು ಅನ್ನುವ ಹಟ ಒಂದು. ತಪ್ಪಾದರೆ ಜನ ಏನಂದಾರು ಅನ್ನುವ ಕೊರಗು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬ್ರಿಟನ್ನಿನ ಆಂಡ್ರ್ಯೂ ಹಿಲ್ ಮತ್ತು ಥಾಮಸ್ ಕರನ್ 2016ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಬರ್ನ್‌ಔಟಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಎರಡನೆಯದೇ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ಅವರ ಪ್ರಶ್ನಾವಳಿಯಲ್ಲಂತೂ ಬೆಳಗ್ಗೆ ಎದ್ದೊಡನೆ ಕೆಲಸದ ಯೋಚನೆ ಶುರುವಾಗುತ್ತದಾ, ಮಲಗುವಾಗಲೂ ಅದು ತಲೆಯಲ್ಲೇ ಇರುತ್ತದಾ ಅಂತಲೇ ಕೇಳುತ್ತಾರೆ. ಅದರ ಜೊತೆಗೇ ಅವರು ಅಳೆಯುವುದು ಹಾಕಿದ ಶ್ರಮಕ್ಕೆ ತಕ್ಕ ಸಂಬಳ, ಮರ್ಯಾದೆ, ಭದ್ರತೆ ಸಿಕ್ಕಿತಾ ಅನ್ನುವುದನ್ನು. ನಮ್ಮ ಆಫೀಸರಿಗೆ ಮೊದಲು ಇದ್ದದ್ದು ಬರೀ ಹಟ. ಕೆಲಸ ರಾಶಿ ಬಿದ್ದು, ಎಲ್ಲೋ ಒಂದು ಕಡೆ ಡೇಟಾ ತಪ್ಪಿ, ರಿವ್ಯೂ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳಿದ ಮೇಲೆ ಅದು ಕೊರಗಾಯಿತು. ನಾನು ಅದೇ ಮೀಟಿಂಗಿನಲ್ಲಿ ಕೂತಿದ್ದೆ. ಆ ದಿನ ಅವರ ಮುಖದಲ್ಲಿ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಒಂದು ಮಧ್ಯಾಹ್ನ ಒಬ್ಬರು ಮುದುಕರು ಬಂದರು. ಅವರ ಬೆಳೆಸಾಲ ಮಂಜೂರು ಮಾಡಿದ್ದು ಇದೇ ಆಫೀಸರ್. ಅವರ ತೋಟಕ್ಕೆ ಹೋಗಿ ಎಳನೀರು ಕುಡಿದು ಬಂದಿದ್ದರು. ಮುದುಕರಿಗೆ ಓದಲು ಬರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇ ಅವರು. ಮುದುಕರು ಟವಲ್ ಕೈಯಲ್ಲಿ ಹಿಡಿದು "ಸಾ" ಅಂದರು. ಆಫೀಸರ್ ಮಾನಿಟರಿನಿಂದ ತಲೆ ಎತ್ತಲಿಲ್ಲ. "ಲಿಸ್ಟ್ ಹೊರಗಡೆ ಹಾಕಿದೀವಿ, ನೋಡ್ಕೊಳ್ಳಿ" ಅಂದರು. ಮುದುಕರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಹೊರಗೆ ಹೋಗಿ ಲಿಸ್ಟಿನ ಮುಂದೆ ನಿಂತರು. ನಾನು ಎದ್ದು ಹೋಗಿ ಓದಿ ಹೇಳಿದೆ. ಮೊದಲೆಲ್ಲ ರೈತರು ಬಂದರೆ ಎದ್ದು ಕುರ್ಚಿ ಎಳೆದು ಕೊಡುತ್ತಿದ್ದ ಮನುಷ್ಯ ಅವರು. ಆ ಮೂರು ಲಕ್ಷಣಗಳಲ್ಲಿ ಎರಡನೆಯದಕ್ಕೆ ನನಗೆ ಭಯ ಅಂದೆನಲ್ಲ, ಅದು ಇದೇ.

ಅದೇ ವರ್ಷ ಹೊಸದಾಗಿ ಸೇರಿದ ಒಬ್ಬ ಹುಡುಗ ನನ್ನನ್ನು ಕೇಳಿದ: "ಲೋನ್ ಸರ್ ಸ್ವಲ್ಪ ಸಿಡುಕ ಅಲ್ವಾ ಮೇಡಂ?" ಅವನು ನೋಡಿದ್ದೇ ಆ ರೂಪವನ್ನು. ಆಗ ಯಾರಾದರೂ ಪ್ರಶ್ನಾವಳಿ ಹಿಡಿದು ಬಂದಿದ್ದರೆ, ನಮ್ಮ ಆಫೀಸರ್ ಆತಂಕ, ಸಿಟ್ಟಿನ ಸ್ವಭಾವದವರು ಅಂತಲೇ ಬರೆದುಕೊಂಡು ಹೋಗುತ್ತಿದ್ದರು. ಮನುಷ್ಯ ಬೆಂದ ಮೇಲೆ ಉಳಿದದ್ದನ್ನೇ ಅವನ ಹುಟ್ಟುಗುಣ ಅಂದುಬಿಡುವುದು ಎಷ್ಟು ಸುಲಭ ನೋಡಿ. ಆಮೇಲೆ ಅವರು ಉದ್ದನೆಯ ಮೆಡಿಕಲ್ ಲೀವ್ ಹಾಕಿದರು, ಮನೋವೈದ್ಯರಿಗೆ ತೋರಿಸಿಕೊಂಡರು, ವಾಪಸ್ ಬಂದರು. ಪ್ರಮೋಷನ್ ಬೇಡ ಅಂತ ಬರೆದುಕೊಟ್ಟರು. ಈಗ ಅವರ ಬಗ್ಗೆ ಕೇಳಿದರೆ "ಪಾಪ, ಆಂಬಿಷನ್ ಇಲ್ಲದ ಮನುಷ್ಯ" ಅನ್ನುತ್ತಾರೆ. ಮತ್ತೆ ಸ್ವಭಾವದ ಮೇಲೇ ಹಾಕಿದರು.

ನಾನು ಮ್ಯಾನೇಜರ್ ಆದ ಮೇಲೆ ಕಂಡದ್ದು ಇನ್ನೊಂದು. ನಮ್ಮ ಬ್ರಾಂಚಿನಲ್ಲಿ ಗೋಲ್ಡ್ ಲೋನ್ ನೋಡುವ ಆಫೀಸರ್ ಒಬ್ಬರಿದ್ದಾರೆ. ಯಾರಿಗೂ ಇಲ್ಲ ಅನ್ನಲು ಬಾರದವರು. ಯಾವಾಗಲೂ ನಗುಮುಖ. ಅವರ ಮೇಲೆ ಎಷ್ಟು ಹೊರೆ ಇದೆ ಅಂತ ನಮಗೆ ಯಾರಿಗೂ ಲೆಕ್ಕ ಸಿಕ್ಕಿರಲಿಲ್ಲ. ಅದು ಬೆಳಕಿಗೆ ಬಂದದ್ದು ಆರ್‌ಬಿಐ ನಿಯಮದಿಂದ. ಬ್ಯಾಂಕಿನಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಮುಂಚಿತವಾಗಿ ಹೇಳದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ, ಕಡ್ಡಾಯವಾಗಿ ರಜೆಯ ಮೇಲೆ ಕಳಿಸಬೇಕು ಅಂತ ಆರ್‌ಬಿಐ 2021ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಆ ಅವಧಿಯಲ್ಲಿ ಬ್ಯಾಂಕಿನ ಇಮೇಲ್ ಒಂದನ್ನು ಬಿಟ್ಟು ಸಿಸ್ಟಮ್ಮಿಗೆ ಲಾಗಿನ್ ಇಲ್ಲ. ನಿಯಮ ಇರುವುದು ವಂಚನೆ ತಡೆಯಲು. ಯಾರಾದರೂ ಏನಾದರೂ ಮುಚ್ಚಿಟ್ಟಿದ್ದರೆ ಆಗ ಹೊರಬರುತ್ತದೆ ಅಂತ.

ನಮ್ಮಲ್ಲಿ ಹೊರಬಂದದ್ದು ಬೇರೆಯೇ. ಅವರು ರಜೆಗೆ ಹೋದ ಮೊದಲ ದಿನ ಎಟಿಎಂ ನಿಂತಿತು, ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿದ್ದದ್ದು ಅವರಿಗೆ ಮಾತ್ರ. ತಾಲ್ಲೂಕು ಆಫೀಸಿಗೆ ಕನ್ನಡದಲ್ಲಿ ಪತ್ರ ಬರೆಯಬೇಕಿತ್ತು, ದಿನಾ ಬರೆಯುತ್ತಿದ್ದದ್ದು ಅವರು. ಹಿರಿಯರ ಮೊಬೈಲಿನಲ್ಲಿ ಡಿಜಿಟಲ್ ಜೀವನ ಪ್ರಮಾಣಪತ್ರ ಮಾಡಿಕೊಡುತ್ತಿದ್ದದ್ದು ಅವರು. ಸ್ಟೇಷನರಿ ತರಿಸುವುದು, ಹೊಸ ಹುಡುಗರ ಪಾಸ್‌ವರ್ಡ್ ಗೋಳು, ಸಬ್‌ಸ್ಟಾಫಿನ ಮೆಡಿಕಲ್ ಬಿಲ್ಲು, ಇವೆಲ್ಲ ಅವರ ಹತ್ತಿರ. ಆಫೀಸ್ ಆರ್ಡರಿನಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು ಗೋಲ್ಡ್ ಲೋನ್ ಮತ್ತು ಲಾಕರ್, ಎರಡೇ. ಉಳಿದದ್ದೆಲ್ಲ "ಮೇಡಂ, ಸ್ವಲ್ಪ ನೋಡ್ತೀರಾ" ಅಂತ ಒಂದೊಂದಾಗಿ ಬಂದು ಸೇರಿಕೊಂಡದ್ದು. ಆ ರಜೆಯ ದಿನಗಳಲ್ಲಿ ಯಾರು ಏನು ಕೇಳಿಕೊಂಡು ಬಂದರೂ ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಅವರು ವಾಪಸ್ ಬರುವ ಮೊದಲೇ ಎಲ್ಲವನ್ನೂ ಹೆಸರು ಹಾಕಿ ಹಂಚಿ ಹೊಸ ಆಫೀಸ್ ಆರ್ಡರ್ ತೆಗೆದೆ. ಎಟಿಎಂ ಇವರಿಗೆ, ಪತ್ರ ಅವರಿಗೆ.

ಅವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಮೊದಲ ವಾರ ಅವರು ಸಪ್ಪಗಿದ್ದರು. "ನನ್ನನ್ನ ಯಾರೂ ಏನೂ ಕೇಳ್ತಾನೇ ಇಲ್ಲ ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂದರು. ಎಲ್ಲರಿಗೂ ಬೇಕಾದವರಾಗಿರುವುದು ಅವರಿಗೆ ಅಷ್ಟು ಮುಖ್ಯ. ಕೂರಿಸಿಕೊಂಡು ನಿಧಾನವಾಗಿ ಮಾತಾಡಬೇಕಾಯಿತು. ಹೊರೆ ಇಳಿಸಿದರೆ ಸಾಲದು, ಅದನ್ನು ಯಾಕೆ ಇಳಿಸಿದೆವು ಅಂತ ಆ ಸ್ವಭಾವದವರಿಗೆ ಬಾಯಿಬಿಟ್ಟು ಹೇಳಬೇಕು. ಈಗ ಐದೂವರೆಗೆ ಹೊರಡುತ್ತಾರೆ. ಮಗಳನ್ನು ಸಂಗೀತದ ಕ್ಲಾಸಿನಿಂದ ಕರೆದುಕೊಂಡು ಹೋಗಲು ಆಗುತ್ತಿದೆ ಅಂತ ಮೊನ್ನೆ ಹೇಳಿದರು.

ನೋಟಿನ ಕಾಲದ ಆ ಕ್ಯಾಶಿಯರ್ ಹುಡುಗಿಯ ಸುದ್ದಿಯೂ ಹೇಳಬೇಕು. ರೊಟೇಷನ್‌ನಲ್ಲಿ ಅವರಿಗೆ ಕ್ಯಾಶ್ ತಪ್ಪಿ, ಆಮೇಲೆ ಲೆಕ್ಕ ಹೊಂದಿಸುವ ವಿಭಾಗಕ್ಕೆ ಪೋಸ್ಟಿಂಗ್ ಸಿಕ್ಕಿತು. ಹೊಂದದೆ ಉಳಿದ ಎಂಟ್ರಿಗಳನ್ನು ಹುಡುಕಿ ತೆಗೆಯುವ ಕೆಲಸ. ಅಲ್ಲಿ ಕ್ಯೂ ಇಲ್ಲ, ಜೇಬಿನಿಂದ ಕಟ್ಟುವ ಭಯವಿಲ್ಲ. ಮೂರು ಸಲ ನೋಡುವ ಅವರ ಅದೇ ಗುಣಕ್ಕೆ ಅಲ್ಲಿ ಭಾರೀ ಬೆಲೆ. ಅವರು ಬದಲಾಗಿಲ್ಲ. ಈಗಲೂ ಗ್ಯಾಸ್ ಆಫ್ ಮಾಡಿದ್ನಾ ಅಂತ ಮನೆಗೆ ಫೋನ್ ಮಾಡುತ್ತಾರಂತೆ. ಆದರೆ ನಿದ್ದೆ ಬರುತ್ತಿದೆ.

ಬರ್ನ್‌ಔಟ್ ಅಂದ ತಕ್ಷಣ ಬ್ಯಾಂಕುಗಳು ಒಂದು ವರ್ಕ್‌ಶಾಪ್ ಇಡುತ್ತವೆ. ಪ್ರಾಣಾಯಾಮ, ಪಾಸಿಟಿವ್ ಥಿಂಕಿಂಗ್, ಟೈಮ್ ಮ್ಯಾನೇಜ್‌ಮೆಂಟ್. ಪ್ರಾಣಾಯಾಮದಿಂದ ಒಳ್ಳೆಯದೇ ಆಗುತ್ತದೆ, ನಾನೂ ಮಾಡುತ್ತೇನೆ. ಆದರೆ ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿ ಮೈಕಲ್ ಲೈಟರ್ ಬರ್ನ್‌ಔಟ್ ಎಲ್ಲಿಂದ ಬರುತ್ತದೆ ಅಂತ ಗುರುತಿಸಿದ ಆರು ಜಾಗಗಳನ್ನು ನೋಡಿ: ಕೆಲಸದ ಹೊರೆ, ಅದರ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಗಾರರು, ನ್ಯಾಯ, ನಾವು ನಂಬಿದ ಮೌಲ್ಯ. ಮನುಷ್ಯನಿಗೂ ಈ ಆರಕ್ಕೂ ಎಲ್ಲಿ ಹೊಂದಿಕೆ ತಪ್ಪಿದೆ ಅಂತ ಅವರು ಕೇಳುತ್ತಾರೆ. ಹೊಂದಿಕೆ ಅಂದಮೇಲೆ ಎರಡೂ ಕಡೆಯಿಂದ ಸರಿಯಬೇಕಲ್ಲವೇ? ನಮ್ಮಲ್ಲಿ ಸರಿಯಿರಿ ಅನ್ನುವುದು ಯಾವಾಗಲೂ ಮನುಷ್ಯನಿಗೆ ಮಾತ್ರ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬೆಳಗ್ಗೆ ಆಫೀಸಿನ ಹೆಸರು ಕೇಳಿದರೆ ಎದೆ ಭಾರವಾಗುತ್ತಿದ್ದರೆ, ರಾತ್ರಿ ನಿದ್ದೆ ಬಿಟ್ಟುಹೋಗಿದ್ದರೆ, ದಯವಿಟ್ಟು ಒಬ್ಬರೇ ಇರಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೆ, ನಾಳೆ ಅವರೊಬ್ಬೊಬ್ಬರು ನಿಜವಾಗಿ ಮಾಡುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ. ಆರ್ಡರಿನಲ್ಲಿ ಇರುವುದನ್ನಲ್ಲ, ಮಾಡುತ್ತಿರುವುದನ್ನು.

ಆ ಪುಸ್ತಕವನ್ನು ಈಗಲೂ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಗೋಲ್ಡ್ ಲೋನ್ ಡೆಸ್ಕಿಗೆ ಇನ್ನೊಬ್ಬರು ಬೇಕು ಅಂತ ಅದರ ನಕಲನ್ನು ಜೊತೆಗಿಟ್ಟು ಮೇಲಿನ ಆಫೀಸಿಗೆ ಬರೆದಿದ್ದೆ. ಸದ್ಯಕ್ಕೆ ಸ್ಟಾಫ್ ಇಲ್ಲ ಅಂತ ಉತ್ತರ ಬಂದಿದೆ. ಟ್ರಾನ್ಸ್‌ಫರ್ ಸೀಸನ್ ಶುರುವಾಗುವ ಮೊದಲು ಮತ್ತೊಮ್ಮೆ ಬರೆಯುತ್ತೇನೆ.